ಮೌನಾ ಲೋವಾದಲ್ಲಿ ಗಾಳಿ ತೂಗುವವರು

ಹಿಲೋ ಪಟ್ಟಣದಲ್ಲಿ ಛತ್ರಿ ಮಡಿಸುವ ಪದ್ಧತಿ ಇಲ್ಲ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಪೆಸಿಫಿಕ್ ಸಾಗರದ ತೇವವನ್ನೆಲ್ಲ ಹೊತ್ತು ತಂದು ಇಲ್ಲಿನ ಬೆಟ್ಟಗಳ ಮಗ್ಗುಲಿಗೆ ಸುರಿಯುತ್ತದೆ. ಬಿಸಿಲು ಹುಡುಕಿಕೊಂಡು ಹವಾಯಿಗೆ ಬಂದವರು ಹಿಲೋದಲ್ಲಿ ನಿಲ್ಲದೆ ದ್ವೀಪದ ಇನ್ನೊಂದು ಮಗ್ಗುಲಿನ ಕೋನಾ ಕಡೆಗೆ ಓಡುತ್ತಾರೆ. ನನಗೆ ಬಿಸಿಲೂ ಬೇಕಿರಲಿಲ್ಲ, ಕಡಲ ತೀರವೂ ಬೇಕಿರಲಿಲ್ಲ. ನಾನು ಬಂದದ್ದು ಒಂದು ಬೆಟ್ಟ ನೋಡಲು. ನಿಜ ಹೇಳಬೇಕೆಂದರೆ ಆ ಬೆಟ್ಟದ ಮೇಲೆ ಬೀಸುವ ಗಾಳಿಗಾಗಿ. ಭೂಮಿಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು 1958ರಿಂದ ಅಳೆಯುತ್ತಾ ಬಂದಿರುವ ಮೌನಾ ಲೋವಾ ವೀಕ್ಷಣಾಲಯ ಇರುವುದು ಈ ದ್ವೀಪದಲ್ಲಿ. ಎಷ್ಟಿದೆ ಎಂಬ ಲೆಕ್ಕದ ಜೊತೆಗೆ, ಅದು ಎಲ್ಲಿಂದ ಬಂತು ಎಂಬ ಲೆಕ್ಕವನ್ನೂ ಇಲ್ಲಿನ ಗಾಳಿಯಿಂದ ಬಿಡಿಸುತ್ತಾರೆ. ನನ್ನ ಕುತೂಹಲವೆಲ್ಲ ಆ ಎರಡನೆಯ ಲೆಕ್ಕದ ಮೇಲೆ.

ಜೊತೆಗಿದ್ದ ಗೆಳೆಯ ಬದುಕಿಡೀ ಬ್ಯಾಂಕುಗಳ ಲೆಕ್ಕ ತಪಾಸಣೆ ಮಾಡಿ ನಿವೃತ್ತನಾದವನು. ಯಾವ ಅಂಕಿಯನ್ನು ತೋರಿಸಿದರೂ ‘ವೋಚರ್ ಎಲ್ಲಿ?’ ಎಂದು ಕೇಳುವುದು ಅವನಿಗೆ ಉಸಿರಾಟದಷ್ಟೇ ಸಹಜ. ನಾನು ಬೆಟ್ಟದ ವಿಷಯ ಹೇಳಿದಾಗ ಅವನು ಮೊದಲು ಕೇಳಿದ ಪ್ರಶ್ನೆ ಇದು: ‘ಮೌನಾ ಲೋವಾ ಅಂದರೆ ಜ್ವಾಲಾಮುಖಿಯಲ್ಲವಾ? ಜ್ವಾಲಾಮುಖಿಯ ಹೆಗಲ ಮೇಲೆ ಕೂತು ಇಂಗಾಲದ ಡೈಆಕ್ಸೈಡ್ ಅಳೆಯೋದು ಅಂದರೆ, ಗಡಂಗಿನ ಬಾಗಿಲಲ್ಲಿ ನಿಂತು ಊರವರೆಲ್ಲ ಕುಡುಕರು ಅಂದ ಹಾಗಾಯ್ತು.’

ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಆಪಾದಿತನ ಮುಖ ನೋಡೋಣ ಎಂದು ಕಿಲವೇಯಾಕ್ಕೆ ಹೋದೆವು. ಹಿಲೋದಿಂದ ಒಂದು ಗಂಟೆಯೊಳಗಿನ ದಾರಿ. ಕಿಲವೇಯಾ ಮೌನಾ ಲೋವಾದ ನೆರೆಮನೆಯ ಜ್ವಾಲಾಮುಖಿ; ಎತ್ತರದಲ್ಲಿ ತಮ್ಮ, ಸಿಡುಕಿನಲ್ಲಿ ಅಣ್ಣ. ಜರೀಗಿಡಗಳ ದಟ್ಟ ಕಾಡು ಇದ್ದಕ್ಕಿದ್ದಂತೆ ಮುಗಿದು, ಕಾಲ ಬುಡದಲ್ಲೇ ನೆಲ ಕುಸಿದು, ಮೈಲುಗಟ್ಟಲೆ ಅಗಲದ ಕಪ್ಪು ಬಟ್ಟಲೊಂದು ತೆರೆದುಕೊಳ್ಳುತ್ತದೆ. ಅದರೊಳಗೆ ಹಲೆಮಉಮಉ ಎಂಬ ಇನ್ನೂ ಆಳದ ಕುಳಿ. ಅಗ್ನಿದೇವತೆ ಪೆಲೆ ಇರುವುದು ಅಲ್ಲಿ ಎಂದು ಹವಾಯಿಯ ಮೂಲ ಜನ ನಂಬುತ್ತಾರೆ. ಅಂಚಿನ ಪೊದೆಗಳಲ್ಲಿ ಬೆಳೆಯುವ ಕೆಂಪು ಓಹೆಲೋ ಹಣ್ಣನ್ನು ಅವಳಿಗೆ ಕೊಡದೆ ತಿನ್ನುವುದಿಲ್ಲ. ಬಂಡೆಯ ಬಿರುಕುಗಳಿಂದ ಏಳುವ ಹಬೆ ಮುಖಕ್ಕೆ ಬೆಚ್ಚಗೆ ಬಡಿಯುತ್ತಿತ್ತು, ಗಂಧಕದ ವಾಸನೆ ಮೂಗಿಗೆ ಅಡರುತ್ತಿತ್ತು. ಆದರೆ ನಾವು ಹುಡುಕುತ್ತಿದ್ದ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಅಲ್ಲಿ ಧಾರಾಳವಾಗಿ ಹೊರಬರುತ್ತಿದೆ ಎಂದು ಗೊತ್ತಿದ್ದರೂ ನೋಡಿ ತಿಳಿಯುವ ದಾರಿ ಇರಲಿಲ್ಲ. ಗೆಳೆಯ ಕುಳಿಯ ಕಡೆ ಕೈ ತೋರಿಸಿ, ‘ಇಷ್ಟು ದೊಡ್ಡ ಕೈ ಮನೆಯಲ್ಲೇ ಇರುವಾಗ ಹೊರಗಿನವರನ್ನು ಯಾಕೆ ಹಿಡೀತೀರಿ?’ ಎಂದ.

ಅವನಿಗೆ ಆ ಸಂಜೆ ಹೇಳಿದ್ದನ್ನು ಇಲ್ಲಿ ಕೊಂಚ ಕ್ರಮವಾಗಿ ಹೇಳುತ್ತೇನೆ.

ಇಂಗಾಲದಲ್ಲಿ ಸ್ಥಿರವಾದ ಐಸೋಟೋಪುಗಳು ಎರಡು. ಎರಡರ ಒಡಲಲ್ಲೂ ಆರಾರು ಪ್ರೋಟಾನುಗಳು. ಒಂದರಲ್ಲಿ ಆರು ನ್ಯೂಟ್ರಾನು, ಇನ್ನೊಂದರಲ್ಲಿ ಏಳು. ಅದಕ್ಕೇ ಒಂದು ಇಂಗಾಲ-12, ಇನ್ನೊಂದು ಇಂಗಾಲ-13. ನೂರು ಪರಮಾಣು ಎಣಿಸಿದರೆ ಹೆಚ್ಚುಕಡಿಮೆ ತೊಂಬತ್ತೊಂಬತ್ತು ಹಗುರದವು, ಒಂದು ಭಾರದ್ದು. ಹಳೆಯ ಮೂಳೆ, ಮರಗಳ ಕಾಲ ಹೇಳುವ ಇಂಗಾಲ-14ರ ಹಾಗೆ ಇವು ವಿಕಿರಣ ಸೂಸಿ ಸವೆಯುವುದಿಲ್ಲ. ಕೋಟ್ಯಂತರ ವರ್ಷ ಕಳೆದರೂ ಇದ್ದ ಹಾಗೇ ಇರುತ್ತವೆ. ಭಾರದ ಇಂಗಾಲ ಇದೆಯೆಂದು 1929ರಲ್ಲಿ ಆರ್ಥರ್ ಕಿಂಗ್ ಮತ್ತು ರೇಮಂಡ್ ಬರ್ಜ್ ಬೆಳಕಿನ ರೋಹಿತ ನೋಡಿ ಹೇಳಿದರು. ಹತ್ತು ವರ್ಷದ ನಂತರ ಆಲ್ಫ್ರೆಡ್ ನೀಯರ್ ಮತ್ತು ಅರ್ಲ್ ಗುಲ್‌ಬ್ರಾನ್ಸನ್, ಪ್ರಕೃತಿಯಲ್ಲಿ ಇವೆರಡರ ಅನುಪಾತ ಎಲ್ಲೆಡೆ ಒಂದೇ ಅಲ್ಲ ಎಂದು ತೋರಿಸಿಕೊಟ್ಟರು. ಸುಣ್ಣಕಲ್ಲಿನಲ್ಲಿ ಭಾರದ್ದು ತುಸು ಹೆಚ್ಚು, ಗಿಡಮರಗಳಲ್ಲಿ ತುಸು ಕಡಿಮೆ.

ಕಡಿಮೆ ಯಾಕೆ? ಗಿಡ ತಿನ್ನುವಾಗ ಆರಿಸಿ ತಿನ್ನುತ್ತದೆ, ಅದಕ್ಕೆ. ಎಲೆಯ ಸಣ್ಣ ರಂಧ್ರಗಳಿಂದ ಒಳಗೆ ನುಸುಳುವಾಗಲೇ ಭಾರದ ಅಣುಗಳು ಕೊಂಚ ಹಿಂದೆ ಬೀಳುತ್ತವೆ. ಒಳಗೆ ಹೋದ ಮೇಲೆ ಅವನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ರುಬಿಸ್ಕೋ ಎಂಬ ಕಿಣ್ವಕ್ಕೆ ಹಗುರದವನ್ನು ಕಂಡರೆ ಇನ್ನೂ ಹೆಚ್ಚಿನ ಒಲವು. ಹೀಗಾಗಿ ಮರದ ತೊಗಟೆ, ಭತ್ತದ ಕಾಳು, ಹಸುವಿನ ಹಾಲು, ನಮ್ಮ ಉಗುರು ಎಲ್ಲದರಲ್ಲೂ ಗಾಳಿಯಲ್ಲಿರುವುದಕ್ಕಿಂತ ಇಂಗಾಲ-13ರ ಪಾಲು ಕಡಿಮೆ. ಒಂದು ಕಾಲದ ಗಿಡಗಳೇ ಕಲ್ಲಿದ್ದಲಾದವು, ಕಡಲಿನ ಸೂಕ್ಷ್ಮ ಪಾಚಿಗಳೇ ಪೆಟ್ರೋಲಾದವು. ಕೋಟ್ಯಂತರ ವರ್ಷ ನೆಲದಡಿಯಲ್ಲಿ ಬೆಂದರೂ ಆ ಕೊರತೆ ಹಾಗೇ ಉಳಿದುಬಂದಿದೆ.

ವ್ಯತ್ಯಾಸ ಎಷ್ಟು ಸಣ್ಣದೆಂದರೆ ಅದನ್ನು ನೂರರಲ್ಲಿ ಹೇಳಲಾಗದು, ಸಾವಿರದಲ್ಲಿ ಹೇಳುತ್ತಾರೆ. ಹೋಲಿಸಲು ಒಂದು ಸೊನ್ನೆ ಬೇಕಲ್ಲ? 1950ರ ದಶಕದಲ್ಲಿ ಷಿಕಾಗೋದ ಹೆರಾಲ್ಡ್ ಯೂರಿಯವರ ಪ್ರಯೋಗಾಲಯ ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಪೀ ಡೀ ಎಂಬ ಶಿಲಾಪದರದಿಂದ ಒಂದು ಪಳೆಯುಳಿಕೆಯನ್ನು ತಂದಿಟ್ಟುಕೊಂಡಿತು. ಡೈನೋಸಾರುಗಳ ಕಾಲದ ಕಡಲಲ್ಲಿ ಈಜುತ್ತಿದ್ದ, ಇಂದಿನ ಸ್ಕ್ವಿಡ್ಡಿನ ದೂರದ ನೆಂಟನಾದ ಬೆಲೆಮ್ನೈಟ್ ಎಂಬ ಜೀವಿಯ ಗಟ್ಟಿ ಚಿಪ್ಪು ಅದು. ಅದರ ಅನುಪಾತವೇ ಸೊನ್ನೆ. ಅದಕ್ಕಿಂತ ಭಾರವಿದ್ದರೆ ಪ್ಲಸ್, ಹಗುರವಿದ್ದರೆ ಮೈನಸ್. ಈ ಅಂಕಿಯನ್ನು ‘ಡೆಲ್ಟಾ’ ಎನ್ನುತ್ತಾರೆ. ಹಾರ್ಮನ್ ಕ್ರೇಗ್ ಎಂಬ ತರುಣ 1953ರ ಹೊತ್ತಿಗೆ ಮರ, ಕಲ್ಲು, ಅನಿಲ, ಎಣ್ಣೆಗಳನ್ನೆಲ್ಲ ಈ ಅಳತೆಗೋಲಿಗೆ ಹಿಡಿದು ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದ. ಎಲ್ಲರೂ ಹೋಲಿಕೆಗೆಂದು ಚೂರು ಚೂರು ತೆಗೆದುಕೊಂಡು ಆ ಚಿಪ್ಪು ಎಂದೋ ಮುಗಿದುಹೋಗಿದೆ. ಈಗ ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಉಸ್ತುವಾರಿಯಲ್ಲಿ ಬೇರೆ ವಸ್ತುಗಳ ಮೂಲಕ ಅದೇ ಸೊನ್ನೆಯನ್ನು ಉಳಿಸಿಕೊಂಡಿದ್ದಾರೆ. ಇಲ್ಲದ ಚಿಪ್ಪಿನ ಮೇಲೆ ಇಡೀ ಜಗತ್ತಿನ ಇಂಗಾಲದ ಲೆಕ್ಕ ನಿಂತಿರುವುದು ಗೆಳೆಯನಿಗೆ ಬಹಳ ಹಿಡಿಸಿತು. ‘ನಮ್ಮ ಬ್ಯಾಂಕಿನ ಚಿನ್ನದ ಮೀಸಲೂ ಹೀಗೇ’ ಎಂದ.

ಮರುದಿನ ಬೆಳಿಗ್ಗೆ ಸ್ಯಾಡಲ್ ರಸ್ತೆ ಹಿಡಿದೆವು. ಮೌನಾ ಲೋವಾ, ಮೌನಾ ಕೆಯಾ ಎಂಬ ಎರಡು ಮಹಾ ಬೆಟ್ಟಗಳ ನಡುವಿನ ತಗ್ಗಿನಲ್ಲಿ ದ್ವೀಪವನ್ನು ಅಡ್ಡಲಾಗಿ ದಾಟುವ ದಾರಿ ಇದು. ಹಿಲೋ ಬಿಟ್ಟು ಒಂದಿಷ್ಟು ಹೊತ್ತು ಮಂಜು, ಮಳೆ, ಕೆಂಪು ಕುಂಚದಂಥ ಹೂ ಬಿಡುವ ಓಹಿಯ ಮರಗಳು. ಏರುತ್ತಾ ಹೋದಂತೆ ಮರಗಳು ಕುಳ್ಳಾಗಿ, ಪೊದೆಯಾಗಿ, ಕೊನೆಗೆ ಇಲ್ಲವಾದವು. ಸಾವಿರದ ಎಂಟುನೂರು ಮೀಟರಿನ ಆಸುಪಾಸು ಮೋಡ ತಟ್ಟನೆ ಕೆಳಗುಳಿದು ಕಣ್ಣು ಕುಕ್ಕುವ ಬಿಸಿಲು. ಎರಡೂ ಕಡೆ ಲಾವಾ. ಒಂದು ಬಗೆ ನುಣುಪಾಗಿ, ಮಡಿಕೆ ಮಡಿಕೆಯಾಗಿ ಹರಿದು ಹೆಪ್ಪುಗಟ್ಟಿದ ಪಹೊಯ್ಹೊಯ್. ಇನ್ನೊಂದು ಚೂಪು ಚೂಪು ಕಿಟ್ಟದ ಕಲ್ಲಿನ ರಾಶಿ, ಅದರ ಹೆಸರು ಆ-ಆ. ಅದರ ಮೇಲೆ ಬರಿಗಾಲಲ್ಲಿ ಹೆಜ್ಜೆಯಿಟ್ಟವನ ಬಾಯಿಂದ ಹೊರಡುವ ಸದ್ದೂ ಅದೇ ಇರಬೇಕು.

ಮೌನಾ ಲೋವಾವನ್ನು ಮೊದಲ ಸಲ ಕಂಡವರಿಗೆ ನಿರಾಸೆಯಾದರೆ ಆಶ್ಚರ್ಯವಿಲ್ಲ. 4,169 ಮೀಟರ್ ಎತ್ತರದ ಬೆಟ್ಟವೆಂದರೆ ಶಿಖರ, ಕೋಡು, ಹಿಮ ಇತ್ಯಾದಿ ನೆನಪಾಗುತ್ತದೆ. ಇಲ್ಲಿ ಏನೂ ಇಲ್ಲ. ದಿಗಂತದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಉಬ್ಬಿ ಇಳಿಯುವ ಒಂದು ಕಪ್ಪು ಗೆರೆ, ಅಷ್ಟೆ. ಎಷ್ಟು ಹೊತ್ತು ಕಾರು ಓಡಿದರೂ ಆ ಗೆರೆ ಮುಗಿಯಲಿಲ್ಲ. ಆಗಲೇ ಗೊತ್ತಾದದ್ದು, ಈ ಬೆಟ್ಟದ ದೊಡ್ಡಸ್ತಿಕೆ ಎತ್ತರದಲ್ಲಿಲ್ಲ ಎಂದು. ಅದರ ಉತ್ತರದ ಇಳಿಜಾರಿನಲ್ಲಿ, 3,397 ಮೀಟರ್ ಎತ್ತರದಲ್ಲಿ, ದುರ್ಬೀನಿನಲ್ಲಿ ನೋಡಿದರೆ ಬಿಳಿ ಚುಕ್ಕೆಗಳು ಕಾಣುತ್ತವೆ. ಅದೇ ವೀಕ್ಷಣಾಲಯ.

ನೋಡಬಹುದಿತ್ತೇ ಹೊರತು ಹೋಗುವಂತಿರಲಿಲ್ಲ. 2022ರ ನವೆಂಬರ್ 27ರ ರಾತ್ರಿ, 38 ವರ್ಷಗಳ ನಿದ್ದೆ ಮುಗಿಸಿ ಮೌನಾ ಲೋವಾ ಬಾಯಿ ತೆರೆಯಿತು. ಮರುದಿನ ಲಾವಾ ವೀಕ್ಷಣಾಲಯದ ರಸ್ತೆಯನ್ನೂ ವಿದ್ಯುತ್ ತಂತಿಯನ್ನೂ ದಾಟಿ ಹರಿಯಿತು. ಅಳತೆ ನಿಂತಿತು. ಲಾವಾದ ಮುಂಚೂಣಿ ನಾವು ನಿಂತಿದ್ದ ಸ್ಯಾಡಲ್ ರಸ್ತೆಗೆ ಮೂರು ಕಿಲೋಮೀಟರಿಗೂ ಕಡಿಮೆ ದೂರದವರೆಗೆ ತೆವಳಿ ಬಂದು, ಡಿಸೆಂಬರಿನಲ್ಲಿ ಹೆಪ್ಪುಗಟ್ಟಿತು. ಹಳೆಯ ಲಾವಾ ಕಂದು ತಿರುಗಿರುವ ಇಳಿಜಾರಿನಲ್ಲಿ ಈ ಹೊಸ ಹರಿವು ಮಾತ್ರ ಈಗಲೂ ಕಾಡಿಗೆ ಬಳಿದಂತೆ ಕರ್ರಗೆ ಮಿರುಗುತ್ತದೆ. ವಿಜ್ಞಾನಿಗಳು ಸುಮ್ಮನೆ ಕೂರಲಿಲ್ಲ. ಎದುರಿನ ಮೌನಾ ಕೆಯಾದ ನೆತ್ತಿಯಲ್ಲಿ ಹವಾಯಿ ವಿಶ್ವವಿದ್ಯಾಲಯದ ದೂರದರ್ಶಕವಿದೆ. ಅದರ ಕಟ್ಟಡದಲ್ಲಿ ಉಪಕರಣ ಕೂರಿಸಿ ಆ ಡಿಸೆಂಬರಿನಲ್ಲೇ ಅಳತೆ ಮುಂದುವರಿಸಿದರು. 2023ರ ಮಾರ್ಚಿನಲ್ಲಿ ಸೌರ ಫಲಕಗಳ ಬಲದಿಂದ ಮೌನಾ ಲೋವಾದಲ್ಲೂ ಅಷ್ಟಿಷ್ಟು ಉಪಕರಣಗಳು ಮತ್ತೆ ಉಸಿರಾಡತೊಡಗಿದವು. ನಾವು ಹೋದಾಗ ಆ ರಸ್ತೆ ಸಾರ್ವಜನಿಕರಿಗೆ ಮುಚ್ಚಿತ್ತು. ಹಾಗಾಗಿ ಎದುರು ಬೆಟ್ಟ ಹತ್ತಿ ನೋಡುವುದೇ ಗತಿ.

ಮೌನಾ ಕೆಯಾ ಕಡೆ ತಿರುಗುವಲ್ಲಿ, ರಸ್ತೆಯ ಈಚೆಗೆ ಪುವು ಹುಲುಹುಲು ಎಂಬ ಕಾಡು ಮುಚ್ಚಿದ ದಿಬ್ಬವಿದೆ. 2019ರಲ್ಲಿ ಹವಾಯಿಯ ಮೂಲ ಜನ ತಮ್ಮ ಪವಿತ್ರ ಬೆಟ್ಟದ ಮೇಲೆ ಇನ್ನೊಂದು ದೈತ್ಯ ದೂರದರ್ಶಕ ಬೇಡವೆಂದು ಇದೇ ಜಾಗದಲ್ಲಿ ಬೀಡುಬಿಟ್ಟಿದ್ದರು. ಹಿರಿಯರು ರಸ್ತೆಯಲ್ಲಿ ಕುರ್ಚಿ ಹಾಕಿ ಕುಳಿತು ಬಂಧನಕ್ಕೊಳಗಾದರು. ವಿಜ್ಞಾನದ ಹೆಸರಿನಲ್ಲಿ ಬೆಟ್ಟ ಹತ್ತುವ ನಮ್ಮಂಥವರು ಅಲ್ಲಿ ಒಂದು ನಿಮಿಷ ಕಾರು ನಿಲ್ಲಿಸುವುದು ಮರ್ಯಾದೆ.

2,800 ಮೀಟರಿನಲ್ಲಿ ಪ್ರವಾಸಿಗರ ಠಾಣೆ. ಅಲ್ಲಿ ಅರ್ಧ ಗಂಟೆಯಾದರೂ ಕೂತು ತೆಳು ಗಾಳಿಗೆ ಮೈ ಒಗ್ಗಿಸಿಕೊಳ್ಳದೆ ಮೇಲೆ ಹೋಗಬೇಡಿ ಎನ್ನುತ್ತಾರೆ. ಕೂತೆವು. ಎದುರಿಗೆ, ಮೋಡದ ಸಮುದ್ರದ ಆಚೆ, ಮೌನಾ ಲೋವಾದ ಉದ್ದನೆಯ ಬೆನ್ನು. ಅಲ್ಲಿ ಅಳತೆ ಶುರುಮಾಡಿದ ಡೇವಿಡ್ ಕೀಲಿಂಗ್‌ನ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಕಟ್ಟೆ ಸಿಗುವುದಿಲ್ಲ.

ಚಾರ್ಲ್ಸ್ ಡೇವಿಡ್ ಕೀಲಿಂಗ್ ರಸಾಯನ ವಿಜ್ಞಾನಿ. ರಾಸಾಯನಿಕ ಕಂಪನಿಗಳ ಕೆಲಸ ಅವನಿಗೆ ಸುಲಭವಾಗಿ ಸಿಗುತ್ತಿತ್ತು. ಅವನಿಗೆ ಕಾಡು ಬೇಕಿತ್ತು. 1955ರಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಸರ್ ಎಂಬ ಕರಾವಳಿಯ ಕಾಡಿನಲ್ಲಿ ಡೇರೆ ಹಾಕಿ, ಹಗಲು ರಾತ್ರಿ ಕೆಲವು ಗಂಟೆಗಳಿಗೊಮ್ಮೆ ಎದ್ದು ಗಾಜಿನ ಬುರುಡೆಗಳಲ್ಲಿ ಗಾಳಿ ಹಿಡಿದ. ಒಳಗಿನ ಗಾಳಿಯನ್ನೆಲ್ಲ ಮೊದಲೇ ಹೀರಿ ತೆಗೆದ ಐದು ಲೀಟರಿನ ಬುರುಡೆ ಅದು. ಕೊಳಾಯಿ ತಿರುಗಿಸಿದರೆ ಹೊರಗಿನ ಗಾಳಿ ಸುಯ್ಯನೆ ಒಳನುಗ್ಗುತ್ತದೆ. ಹಿಡಿಯುವವನ ಉಸಿರು ಸೇರಿದರೆ ಕೆಲಸ ಕೆಟ್ಟಿತು. ಅದಕ್ಕೇ ಗಾಳಿಗೆ ಮುಖವೊಡ್ಡಿ, ಉಸಿರು ಬಿಗಿಹಿಡಿದು ತಿರುಗಿಸಬೇಕು. ಇಂದಿಗೂ ಅದೇ ಪದ್ಧತಿ.

ಕಾಡಿನ ಗಾಳಿಯಲ್ಲಿ ಅವನಿಗೆ ಕಂಡದ್ದು ಎರಡು ಸಂಗತಿ. ಮೊದಲನೆಯದು, ಮಧ್ಯಾಹ್ನದ ಹೊತ್ತು ಯಾವ ಕಾಡಿನಲ್ಲಿ, ಯಾವ ಬೆಟ್ಟದಲ್ಲಿ ಅಳೆದರೂ ಇಂಗಾಲದ ಡೈಆಕ್ಸೈಡ್ ಸುಮಾರು 310 ಪಿಪಿಎಂ, ಅಂದರೆ ಹತ್ತು ಲಕ್ಷ ಅಣುಗಳಲ್ಲಿ 310. ಊರೂರಿಗೆ ಬೇರೆ ಬೇರೆ ಎಂದು ಪುಸ್ತಕಗಳು ಹೇಳುತ್ತಿದ್ದವು. ಅಲ್ಲ, ಇಡೀ ಭೂಮಿಗೆ ಒಂದೇ ಹಿನ್ನೆಲೆ ಮಟ್ಟವಿದೆ. ಎರಡನೆಯದು, ರಾತ್ರಿ ಆ ಅಂಕಿ ಏರುತ್ತದೆ, ಏರಿದಷ್ಟೂ ಗಾಳಿಯ ಡೆಲ್ಟಾ ಇಳಿಯುತ್ತದೆ. ಏರಿಕೆಯೂ ಇಳಿಕೆಯೂ ಒಂದಕ್ಕೊಂದು ಎಷ್ಟು ಶಿಸ್ತಾಗಿ ಹೊಂದಿಕೊಂಡಿದ್ದವೆಂದರೆ, ಪ್ರಮಾಣದ ವಿಲೋಮವನ್ನು ಅಡ್ಡಕ್ಕೂ ಡೆಲ್ಟಾವನ್ನು ಉದ್ದಕ್ಕೂ ಇಟ್ಟು ಚುಕ್ಕೆ ಹಾಕಿದರೆ ನೇರ ಗೆರೆ ಬಂತು. ಆ ಗೆರೆಯನ್ನು ಉದ್ದಕ್ಕೆ ಎಳೆದು ಅಕ್ಷಕ್ಕೆ ಮುಟ್ಟಿಸಿದರೆ, ಹೊಸದಾಗಿ ಸೇರಿದ ಅನಿಲದ ಡೆಲ್ಟಾ ಎಷ್ಟೆಂದು ಸಿಗುತ್ತದೆ. ಅವನಿಗೆ ಸಿಕ್ಕಿದ್ದು ಮೈನಸ್ ಇಪ್ಪತ್ತಕ್ಕಿಂತ ಕೆಳಗಿನ, ಗಿಡ ಮತ್ತು ಮಣ್ಣಿನ ಅಂಕಿ. ರಾತ್ರಿಯ ಗಾಳಿಗೆ ಉಸಿರು ಬೆರೆಸುತ್ತಿದ್ದದ್ದು ಕಾಡೇ. ನಮ್ಮ ಹಾಲಿನ ಡೈರಿಯ ಲ್ಯಾಕ್ಟೋಮೀಟರು ನೀರು ಬೆರೆಸಿದ್ದಾರೆ ಎಂದಷ್ಟೇ ಹೇಳುತ್ತದೆ. ಕೀಲಿಂಗ್‌ನ ಗೆರೆ ಯಾವ ಬಾವಿಯ ನೀರು ಎಂದೂ ಹೇಳುತ್ತಿತ್ತು. ಪರಿಸರ ವಿಜ್ಞಾನಿಗಳು ಇಂದಿಗೂ ಅದನ್ನು ‘ಕೀಲಿಂಗ್ ಪ್ಲಾಟ್’ ಎಂದೇ ಕರೆಯುತ್ತಾರೆ. ಇಂಗಾಲದ ಡೈಆಕ್ಸೈಡ್ ವರ್ಷದಿಂದ ವರ್ಷಕ್ಕೆ ಏರುವುದನ್ನು ತೋರಿಸುವ, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗುವ ‘ಕೀಲಿಂಗ್ ರೇಖೆ’ ಬೇರೆ. ನನಗೇನೋ ಈ ಮೊದಲ ಗೆರೆಯೇ ಹೆಚ್ಚು ಚಂದ.

ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯ ರೋಜರ್ ರೆವೆಲ್ ಮತ್ತು ಅಮೆರಿಕದ ಹವಾಮಾನ ಇಲಾಖೆಯ ಹ್ಯಾರಿ ವೆಕ್ಸ್ಲರ್ ಕೀಲಿಂಗ್‌ನ ಬೆನ್ನಿಗೆ ನಿಂತರು. 1958ರ ಮಾರ್ಚಿನಲ್ಲಿ ಮೌನಾ ಲೋವಾದ ಉಪಕರಣ ಬರೆದ ಮೊದಲ ಅಂಕಿ 313. ಆಮೇಲೆ ಮೇ ತಿಂಗಳವರೆಗೆ ಏರಿ, ಶರತ್ಕಾಲದವರೆಗೆ ಇಳಿದು, ಮತ್ತೆ ಏರಿತು. ಉತ್ತರಾರ್ಧಗೋಳದ ಕಾಡುಗಳು ಚಿಗುರುವಾಗ ಗಾಳಿಯಿಂದ ಹೀರಿ, ಎಲೆ ಉದುರಿ ಕೊಳೆಯುವಾಗ ಮರಳಿ ಕೊಡುವ ವರ್ಷದ ಉಸಿರಾಟ ಅದು. ಡೆಲ್ಟಾವೂ ಅದಕ್ಕೆ ತಾಳ ಹಾಕುತ್ತದೆ, ಆದರೆ ತಿರುಗಾಮುರುಗಾ: ಗಿಡಗಳು ಹಗುರದ್ದನ್ನು ಆರಿಸಿ ತಿಂದಾಗ ಉಳಿದ ಗಾಳಿ ತುಸು ಭಾರವಾಗುತ್ತದೆ. ವರ್ಷದ ಈ ಏರಿಳಿತ ತೆಗೆದುಹಾಕಿದರೂ ಒಂದು ಏರಿಕೆ ಉಳಿಯುತ್ತಿತ್ತು. ಅದು ನಿಂತಿಲ್ಲ. 2013ರಲ್ಲಿ 400 ದಾಟಿತು, 2025ರ ಮೇ ತಿಂಗಳ ಸರಾಸರಿ 430ನ್ನೂ ಮೀರಿತು.

‘ಸರಿ, ಈಗ ಜ್ವಾಲಾಮುಖಿಯ ಕೇಸು ತಗೋ’ ಎಂದ ಗೆಳೆಯ.

ಕೀಲಿಂಗ್‌ಗೂ ಆ ಅನುಮಾನ ಮೊದಲೇ ಬಂದಿತ್ತು. ರಾತ್ರಿ ಬೆಟ್ಟದ ಮೈ ತಣ್ಣಗಾಗಿ ಗಾಳಿ ನೆತ್ತಿಯಿಂದ ಕೆಳಗಿಳಿಯುವಾಗ, ಮೇಲಿನ ಬಿರುಕುಗಳ ಅನಿಲವೂ ಕೆಲವೊಮ್ಮೆ ಇಳಿದು ಬರುತ್ತದೆ. ಉಪಕರಣದ ಗೆರೆ ಕುಪ್ಪಳಿಸುತ್ತದೆ. ಹಗಲು ಕೆಳಗಿನಿಂದ ಏರಿ ಬರುವ ಗಾಳಿ ಕಾಡು ಹೀರಿಬಿಟ್ಟ ಗಾಳಿ, ಅದರಲ್ಲಿ ಅಂಕಿ ತುಸು ಇಳಿಯುತ್ತದೆ. ಎರಡನ್ನೂ ಗುರುತಿಸಿ ಬದಿಗಿಟ್ಟು, ಸಾವಿರಾರು ಕಿಲೋಮೀಟರ್ ಕಡಲ ಮೇಲಿನಿಂದ ಗಂಟೆಗಟ್ಟಲೆ ಒಂದೇ ಸಮನೆ ಬೀಸುವ ಗಾಳಿಯ ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಜ್ವಾಲಾಮುಖಿಯೇ ಇಲ್ಲದ ದಕ್ಷಿಣ ಧ್ರುವದಲ್ಲಿ ಅಳೆದರೂ ಅದೇ ಏರಿಕೆ.

ಇಷ್ಟು ಹೇಳಿದರೂ ಗೆಳೆಯನ ಹುಬ್ಬು ಇಳಿಯಲಿಲ್ಲ: ‘ಬದಿಗಿಟ್ಟೆ ಅನ್ನೋದು ನಿನ್ನ ಮಾತು. ವೋಚರ್?’

ವೋಚರ್ ಇಂಗಾಲ-13. ಕಿಲವೇಯಾದ ಆಳದಿಂದ ಬರುವ ಇಂಗಾಲದ ಡೈಆಕ್ಸೈಡಿನ ಡೆಲ್ಟಾ ಮೈನಸ್ ಮೂರೂವರೆಯ ಆಸುಪಾಸು. ಅಂದರೆ ಗಾಳಿಯಲ್ಲಿರುವುದಕ್ಕಿಂತ ಭಾರ. ಅಂಟಾರ್ಕ್ಟಿಕಾದ ಲಾ ಡೋಮ್ ಎಂಬಲ್ಲಿನ ಹಿಮದೊಳಗೆ ಸಿಕ್ಕಿಬಿದ್ದ ಹಳೆಯ ಗುಳ್ಳೆಗಳನ್ನು ಒಡೆದು ನೋಡಿದರೆ, ಕಾರ್ಖಾನೆಗಳ ಯುಗ ಶುರುವಾಗುವ ಮೊದಲು ಗಾಳಿಯ ಡೆಲ್ಟಾ ಸುಮಾರು ಮೈನಸ್ 6.4. ಈಗ ಸುಮಾರು ಮೈನಸ್ 8.5. ಬೆಟ್ಟಗಳು ಉಗುಳಿದ ಇಂಗಾಲದಿಂದ ಗಾಳಿ ತುಂಬಿದ್ದರೆ ಈ ಅಂಕಿ ಸೊನ್ನೆಯ ಕಡೆಗೆ ಏರಬೇಕಿತ್ತು. ಅದು ತಿರುಗಿ ಇಳಿದಿದೆ. ಕಡಲು ತನ್ನ ಒಡಲಿನದನ್ನು ಹೊರಗೆ ಬಿಟ್ಟಿತೆನ್ನೋಣವೇ? ಕಡಲಿನಲ್ಲಿ ಕರಗಿರುವ ಇಂಗಾಲದ ಡೆಲ್ಟಾ ಸೊನ್ನೆಯ ಹತ್ತಿರ; ಅದರಿಂದಲೂ ಈ ಇಳಿಕೆ ಬರಲಾರದು. ಇಷ್ಟು ಹಗುರದ ಇಂಗಾಲ ಇರುವುದು ಗಿಡಗಳಲ್ಲಿ, ಒಂದು ಕಾಲದಲ್ಲಿ ಗಿಡವಾಗಿದ್ದದ್ದರಲ್ಲಿ. ಕಲ್ಲಿದ್ದಲು, ಎಣ್ಣೆ, ಅನಿಲ ಸೇರಿಸಿ ಸರಾಸರಿ ತೆಗೆದರೆ ಮೈನಸ್ 28ರ ಸುತ್ತಮುತ್ತ.

ಜಗತ್ತಿನ ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಬಿಡುವುದು, ನಾವು ಸುಟ್ಟು ಬಿಡುವುದರ ನೂರರಲ್ಲಿ ಒಂದು ಪಾಲಿನಷ್ಟು, ಬಹುಶಃ ಇನ್ನೂ ಕಡಿಮೆ. ಆದರೆ ಗೆಳೆಯನಿಗೆ ಈ ಗಾತ್ರದ ವಾದಕ್ಕಿಂತ ಗುರುತಿನ ವಾದ ಹಿಡಿಸಿತು. ಮೊತ್ತವನ್ನು ತಿದ್ದಬಹುದು, ನೋಟಿನ ನಂಬರನ್ನು ತಿದ್ದುವುದು ಕಷ್ಟ ಎಂದು ಅವನ ಅನುಭವ.

ಆಮೇಲೆ ಅವನೇ ಒಂದು ತೊಡಕು ಹಿಡಿದ. ಕಾಗದ ತೆಗೆದು ಲೆಕ್ಕ ಹಾಕಿದ: ಹಳೆಯ 280 ಪಿಪಿಎಂ, ಡೆಲ್ಟಾ ಮೈನಸ್ 6.4, ಅದಕ್ಕೆ ಸೇರಿದ್ದು 150, ಡೆಲ್ಟಾ ಮೈನಸ್ 28. ಬೆರೆಸಿದರೆ ಮೈನಸ್ 14ರ ಹತ್ತಿರ ಬರಬೇಕು. ‘ನೀನು ಹೇಳ್ತಿರೋದು ಎಂಟೂವರೆ. ಉಳಿದದ್ದು ಎಲ್ಲಿ?’ ಒಳ್ಳೆಯ ಪ್ರಶ್ನೆ. ಗಾಳಿ ಮುಚ್ಚಿದ ಡಬ್ಬಿಯಲ್ಲ. ಕಡಲೂ ಕಾಡೂ ಎಡೆಬಿಡದೆ ಅದರೊಡನೆ ಇಂಗಾಲವನ್ನು ಅದಲುಬದಲು ಮಾಡಿಕೊಳ್ಳುತ್ತಿವೆ; ನಮ್ಮ ಹಗುರದ ಇಂಗಾಲದಲ್ಲಿ ಒಂದಿಷ್ಟು ಅವಕ್ಕೆ ಹೋಗಿ, ಅವುಗಳ ಭಾರದ್ದು ಇತ್ತ ಬರುತ್ತದೆ. ಹೋದದ್ದು ಎಲ್ಲೂ ಕಳೆದುಹೋಗಿಲ್ಲ. ಕೆರಿಬಿಯನ್ ಕಡಲಿನಲ್ಲಿ ನಿಧಾನವಾಗಿ ಸುಣ್ಣದ ಮನೆ ಕಟ್ಟುವ ಒಂದು ಬಗೆಯ ಸ್ಪಂಜುಗಳ ಪದರಗಳಲ್ಲಿ, ಕಳೆದ ಎರಡು ಶತಮಾನಗಳುದ್ದಕ್ಕೂ ಡೆಲ್ಟಾ ಇಳಿಯುತ್ತಾ ಬಂದಿರುವುದು ಕಾಣುತ್ತದೆ. ಕಡಲಿನ ಜಮಾ ಪುಸ್ತಕ ಅದು.

ಇನ್ನೊಂದು ತಕರಾರು ಉಳಿಯುತ್ತದೆ. ಕಾಡು ಕಡಿದು ಸುಟ್ಟರೂ ಡೆಲ್ಟಾ ಇಳಿಯುತ್ತದಲ್ಲ? ಇಳಿಯುತ್ತದೆ. ಇಂಗಾಲ-13 ಒಂದೇ ಇಲ್ಲಿ ಸಾಲದು. ಇಲ್ಲಿ ಸಾಕ್ಷಿ ಹೇಳುವುದು ಇಂಗಾಲ-14. ಅರ್ಧಾಯುಷ್ಯ 5,730 ವರ್ಷದ ಆ ಐಸೋಟೋಪು ಇವತ್ತಿನ ಮರದಲ್ಲಿ ಇರುತ್ತದೆ, ಕೋಟ್ಯಂತರ ವರ್ಷ ಹಳೆಯ ಕಲ್ಲಿದ್ದಲಿನಲ್ಲಿ ಒಂದಿಷ್ಟೂ ಉಳಿದಿರುವುದಿಲ್ಲ. ಹಾನ್ಸ್ ಸೂಸ್ 1955ರಲ್ಲಿ ಮರಗಳ ಉಂಗುರಗಳನ್ನು ಅಳೆದು, ಗಾಳಿಯ ಇಂಗಾಲ-14 ತೆಳುವಾಗುತ್ತಿದೆ ಎಂದು ತೋರಿಸಿದ್ದ. ಇಂಗಾಲ-14 ಇಲ್ಲದ ಹಳೆಯ ಇಂಗಾಲ ಗಾಳಿಗೆ ಬೆರೆಯುತ್ತಿದೆ ಎಂದೇ ಅದರ ಅರ್ಥ. ಕೀಲಿಂಗ್‌ನ ಮಗ ರಾಲ್ಫ್ ಆಮ್ಲಜನಕವನ್ನು ಅಳೆದು, ಏನೋ ಸುಡುತ್ತಿರುವುದಕ್ಕೆ ತಕ್ಕಂತೆ ಅದೂ ಇಳಿಯುತ್ತಿದೆ ಎಂದು ತೋರಿಸಿದ. ತಂದೆ 2005ರಲ್ಲಿ ತೀರಿಕೊಂಡ ಮೇಲೆ ಸ್ಕ್ರಿಪ್ಸ್‌ನ ಅಳತೆಯ ಹೊಣೆಯೂ ಮಗನದೇ.

ಈ ಅಳತೆಯ ಸರಣಿ ಕಡಿದದ್ದು ಲಾವಾದಿಂದ ಮಾತ್ರವಲ್ಲ. 1964ರಲ್ಲಿ ಸರ್ಕಾರದ ಹಣ ಕಡಿತವಾಗಿ ಕೆಲವು ತಿಂಗಳು ಮೌನಾ ಲೋವಾದ ಅಂಕಿಗಳೇ ಇಲ್ಲ. ಪ್ರಸಿದ್ಧ ಕೀಲಿಂಗ್ ರೇಖೆಯನ್ನು ಹತ್ತಿರದಿಂದ ನೋಡಿದರೆ ಆ ಬಿರುಕು ಕಾಣುತ್ತದೆ. 2025ರಲ್ಲಿ ಅಮೆರಿಕ ಸರ್ಕಾರದ ಬಜೆಟ್ ಪ್ರಸ್ತಾವ ಈ ವೀಕ್ಷಣಾಲಯವನ್ನು ನಡೆಸುವ ಸಂಶೋಧನಾ ವಿಭಾಗವನ್ನೇ ಕೈಬಿಡುವ ಮಾತಾಡಿತು. ಗೆಳೆಯ ಇದಕ್ಕೆ ಮಾತ್ರ ಪ್ರಶ್ನೆ ಕೇಳಲಿಲ್ಲ. ಲೆಕ್ಕ ಇಷ್ಟವಾಗದಿದ್ದಾಗ ಲೆಕ್ಕಿಗನ ಕುರ್ಚಿ ಎತ್ತಿಸುವುದನ್ನು ಅವನು ಬೇಕಾದಷ್ಟು ಕಂಡಿದ್ದಾನೆ.

ತಲೆ ಸಣ್ಣಗೆ ನೋಯತೊಡಗಿತ್ತು. ಮೌನಾ ಕೆಯಾದ ನೆತ್ತಿ 4,207 ಮೀಟರಿನಲ್ಲಿ; ಅಲ್ಲಿಯವರೆಗೆ ಏರುವ ಹುರುಪು ಇಬ್ಬರಿಗೂ ಉಳಿದಿರಲಿಲ್ಲ. ಪಶ್ಚಿಮಕ್ಕೆ ಇಳಿದು, ದನ ಮೇಯುವ ವೈಮಿಯಾದ ಹುಲ್ಲುಗಾವಲು ದಾಟಿ, ಹಾಮಾಕುವಾ ಕರಾವಳಿಯ ದಾರಿಯಲ್ಲಿ ಹಿಲೋಗೆ ಮರಳಿದೆವು.

ಒಂದು ಕಡೆ ಕಡಲಿಗೆ ಧುಮುಕುವ ಕಡಿದಾದ ದಡ, ಇನ್ನೊಂದು ಕಡೆ ಹಸಿರು ಇಳಿಜಾರು. ಒಂದು ಕಾಲಕ್ಕೆ ಇದೆಲ್ಲ ಕಬ್ಬು. ನೂರು ವರ್ಷಕ್ಕೂ ಹೆಚ್ಚು ಕಾಲ ಜಪಾನ್, ಚೀನಾ, ಫಿಲಿಪೀನ್ಸ್, ಪೋರ್ಚುಗಲ್‌ಗಳಿಂದ ಬಂದ ಕೂಲಿಗಳ ಬೆವರಿನಲ್ಲಿ ನಡೆದ ಸಕ್ಕರೆಯ ಸಾಮ್ರಾಜ್ಯ 1990ರ ದಶಕದಲ್ಲಿ ಈ ದ್ವೀಪದಲ್ಲಿ ಮುಗಿಯಿತು. ಇಡೀ ಹವಾಯಿಯ ಕೊನೆಯ ಕಾರ್ಖಾನೆ ಮಾವಿ ದ್ವೀಪದಲ್ಲಿ 2016ರಲ್ಲಿ ಬಾಗಿಲು ಹಾಕಿತು. ಈಗ ನೀಲಗಿರಿ ತೋಪುಗಳು, ಮಕಡೇಮಿಯಾ ತೋಟಗಳು. ರಸ್ತೆ ಬದಿಯಲ್ಲಿ ಕಾಡುಬಿದ್ದ ಕಬ್ಬಿನ ಮೆಳೆ ಅಲ್ಲಲ್ಲಿ ತಲೆಯಾಡಿಸುತ್ತದೆ.

ಇಂಗಾಲದ ಕಥೆಗೆ ಈ ಕಬ್ಬೂ ಮುಖ್ಯ. ಹೊನೊಲುಲುವಿನಲ್ಲಿ ಸಕ್ಕರೆ ಬೆಳೆಗಾರರ ಸಂಘದ ಪ್ರಯೋಗ ಕೇಂದ್ರದಲ್ಲಿ ಹ್ಯೂಗೋ ಕಾರ್ಟ್‌ಶಾಕ್, ಕಾನ್‌ಸ್ಟನ್ಸ್ ಹಾರ್ಟ್, ಜಾರ್ಜ್ ಬರ್ ಎಂಬ ಮೂವರು ಕಬ್ಬಿನ ಎಲೆಗೆ ವಿಕಿರಣಶೀಲ ಇಂಗಾಲ ಉಣಿಸಿ, ಅದು ಮೊದಲು ಯಾವ ರೂಪ ತಾಳುತ್ತದೆಂದು ನೋಡುತ್ತಿದ್ದರು. ಎಲ್ಲ ಗಿಡಗಳಲ್ಲೂ ಮೂರು ಇಂಗಾಲದ ಆಮ್ಲವೇ ಮೊದಲು ಹುಟ್ಟುತ್ತದೆಂದು ಪಠ್ಯದ ಮಾತು. ಕಬ್ಬಿನಲ್ಲಿ ಹುಟ್ಟಿದ್ದು ನಾಲ್ಕು ಇಂಗಾಲದ ಮ್ಯಾಲಿಕ್ ಆಮ್ಲ ಮತ್ತು ಆಸ್ಪಾರ್ಟಿಕ್ ಆಮ್ಲ. ಹಲವು ವರ್ಷ ಇಟ್ಟುಕೊಂಡಿದ್ದ ಈ ಫಲಿತಾಂಶವನ್ನು ಅವರು 1965ರಲ್ಲಿ ಪ್ರಕಟಿಸಿದರು. ಮರುವರ್ಷ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಅದರ ಪೂರ್ತಿ ದಾರಿಯನ್ನು ಬಿಡಿಸತೊಡಗಿದರು. ಹೆಸರು ಅವರಿಗೇ ಹೋಯಿತು. ಗಿಡಗಳಲ್ಲಿ ಎರಡು ಕುಲ ಎಂದಾಯಿತು: ಸಿ-3 ಮತ್ತು ಸಿ-4. ಬಿಸಿಲಿನ ಸೀಮೆಯ ಸಿ-4 ಗಿಡಗಳಲ್ಲಿ ಇಂಗಾಲವನ್ನು ಮೊದಲು ಹಿಡಿಯುವ ಕಿಣ್ವವೇ ಬೇರೆ, ಅದು ಅಷ್ಟಾಗಿ ಆರಿಸಿ ತಿನ್ನುವುದಿಲ್ಲ. ಹಾಗಾಗಿ ಸಿ-3 ಗಿಡಗಳ ಡೆಲ್ಟಾ ಸಾಮಾನ್ಯವಾಗಿ ಮೈನಸ್ 27ರ ಸುತ್ತ, ಸಿ-4ರದ್ದು ಮೈನಸ್ 12ರ ಸುತ್ತ.

ಹಳೆ ಮೈಸೂರಿನ ಊಟದ ತಟ್ಟೆಯಲ್ಲೇ ಈ ಎರಡೂ ಕುಲ ಸೇರುತ್ತವೆ. ರಾಗಿ ಸಿ-4, ಅಕ್ಕಿ ಸಿ-3. ಉತ್ತರ ಕರ್ನಾಟಕದ ಜೋಳ, ಸಜ್ಜೆ ಎರಡೂ ಸಿ-4. ತಿಂದದ್ದು ಮೂಳೆ ಸೇರುತ್ತದೆ. ಮೂಳೆಯನ್ನು ಕೇಳಿದರೆ ಹೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ದಕ್ಷಿಣ ಭಾರತದ ಆನೆಗಳ ಮೂಳೆಯನ್ನು ಹೀಗೆ ಕೇಳಿದರು. ನಮ್ಮ ಕಾಡಿನ ಹುಲ್ಲು ಬಹುಪಾಲು ಸಿ-4, ಮರ ಪೊದೆಗಳ ಸೊಪ್ಪು ಸಿ-3. ಆನೆ ಹಗಲೆಲ್ಲ ಹುಲ್ಲು ಮೇಯುವುದನ್ನು ಕಂಡವರು ಹುಲ್ಲೇ ಅದರ ಆಹಾರ ಎಂದುಕೊಳ್ಳುತ್ತಾರೆ. ಮೂಳೆಯ ಪ್ರೋಟೀನು ಕಟ್ಟಿದ ಇಂಗಾಲ ಮಾತ್ರ ಹೆಚ್ಚಾಗಿ ಸೊಪ್ಪು, ತೊಗಟೆಯಿಂದ ಬಂದದ್ದು ಎಂದು ತಿಳಿಯಿತು. 1993ರಲ್ಲಿ ಇವರೇ ಸಂಗಡಿಗರೊಂದಿಗೆ ನೀಲಗಿರಿಯ ಜವುಗಿನ ಪೀಟ್ ಮಣ್ಣನ್ನು ಪದರ ಪದರವಾಗಿ ಅಳೆದು, ಸುಮಾರು ಇಪ್ಪತ್ತು ಸಾವಿರ ವರ್ಷದ ಕಥೆ ಬಿಡಿಸಿದರು. ಹಿಮಯುಗ ಬಿಗಿಯಾಗಿದ್ದ, ಮಳೆ ಸೊರಗಿದ್ದ ಕಾಲದ ಪದರಗಳಲ್ಲಿ ಸಿ-4 ಹುಲ್ಲಿನ ಗುರುತು. ಮುಂಗಾರು ಬಲವಾದ ಕಾಲದಲ್ಲಿ ಸಿ-3ರ ಗುರುತು. ಉದಕಮಂಡಲಕ್ಕೆ ಹೋಗಿ ಬೊಟಾನಿಕಲ್ ಗಾರ್ಡನ್ ನೋಡಿ ಬರುವವರು ಆ ಜವುಗುಗಳ ಪಕ್ಕದಲ್ಲೇ ಹಾದುಹೋಗಿರುತ್ತಾರೆ.

ಹಿಲೋದ ಸಂತೆಯಲ್ಲಿ ಗೆಳೆಯ ಜೇನಿನ ಬಾಟಲಿ ಎತ್ತಿಕೊಂಡ. ಓಹಿಯ ಮರದ ಲೆಹುವಾ ಹೂವಿನ ಜೇನು. ಬೆಣ್ಣೆಯಂತೆ ಬೆಳ್ಳಗೆ ಗಟ್ಟಿಯಾಗಿತ್ತು. ‘ಇದು ಅಸಲಿ ಅನ್ನೋದಕ್ಕೂ ನಿನ್ನ ಹತ್ರ ವೋಚರ್ ಇದೆಯಾ?’ ಎಂದ. ಇದೆ ಎಂದೆ. ಜೇನ್ನೊಣ ಹೋಗುವ ಹೂಗಿಡಗಳು ಹೆಚ್ಚುಕಡಿಮೆ ಎಲ್ಲವೂ ಸಿ-3, ಕಬ್ಬು ಮತ್ತು ಮೆಕ್ಕೆಜೋಳ ಸಿ-4. ಜೇನಿಗೆ ಕಬ್ಬಿನ ಸಕ್ಕರೆಯನ್ನೋ ಮೆಕ್ಕೆಜೋಳದ ಪಾಕವನ್ನೋ ಬೆರೆಸಿದರೆ ಡೆಲ್ಟಾ ಮೈನಸ್ 25ರ ಹತ್ತಿರದಿಂದ ಮೇಲೇರುತ್ತದೆ. ಅದೇ ಜೇನಿನ ಅತ್ಯಲ್ಪ ಪ್ರೋಟೀನನ್ನು ಬೇರ್ಪಡಿಸಿ ಅದರ ಡೆಲ್ಟಾವನ್ನು ಪಕ್ಕದಲ್ಲಿಟ್ಟರೆ, ನೂರಕ್ಕೆ ಏಳರಷ್ಟು ಕಲಬೆರಕೆಯೂ ಸಿಕ್ಕಿಬೀಳುತ್ತದೆ. ಪ್ರಯೋಗಾಲಯಗಳು ಹಲವು ದಶಕಗಳಿಂದ ಹೀಗೇ ಕಳ್ಳರನ್ನು ಹಿಡಿಯುತ್ತಿವೆ.

‘ಹಿಡಿದ ಮೇಲೆ ಕಳ್ಳ ಏನು ಮಾಡಿದ?’

ಅಕ್ಕಿಯ ಪಾಕಕ್ಕೆ ತಿರುಗಿದ. ಅಕ್ಕಿ ಸಿ-3, ಹೂವಿನ ಮಕರಂದದ ಡೆಲ್ಟಾಕ್ಕೂ ಅದಕ್ಕೂ ಈ ಪರೀಕ್ಷೆಯಲ್ಲಿ ಭೇದವೇ ಕಾಣುವುದಿಲ್ಲ. ಅದನ್ನು ಹಿಡಿಯಲು ಬೇರೆಯೇ, ಇನ್ನೂ ದುಬಾರಿ ಉಪಕರಣ ಬೇಕು. ಗೆಳೆಯನ ಮುಖ ಅರಳಿತು. ಪ್ರವಾಸ ಶುರುವಾದಂದಿನಿಂದ ಅವನು ಇಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ. ತನ್ನ ಕಾಲದಲ್ಲಿ ಕಂಡ ಬಲು ಜಾಣ ವಂಚಕರ ಕಥೆಗಳನ್ನು ಒಂದರ ಹಿಂದೊಂದು ಹೇಳುತ್ತಾ, ಜೇನಿಗೆ ದುಡ್ಡು ಕೊಟ್ಟು, ರಸೀದಿ ಕೇಳಿ ಇಸಿದುಕೊಂಡ.